ನಾಮಫಲಕದ ಬೆಳಕನ್ನು ಕದ್ದವರ ಪರವಾಗಿ

ಜ್ಯೋತಿರ್ಮುಖಿ ಪ್ಲಾಸ್ಟಿಕ್ಸ್ ಕಂಪನಿಯ ವ್ಯವಸ್ಥಾಪಕ ನಿರ್ದೇಶಕರ ಸನ್ನಿಧಾನಕ್ಕೆ,
ಹಾರೋಹಳ್ಳಿ ಕೈಗಾರಿಕಾ ಪ್ರದೇಶ.

ಮಾನ್ಯರೇ,

ಉಯ್ಯಂಬಳ್ಳಿಯಿಂದ ಕಾಡಿನ ಕಡೆಗೆ ಹೊರಳುವ ಮಣ್ಣುರಸ್ತೆಯ ಕೊನೆಯಲ್ಲಿರುವ ಹೊಂಗೆದೊಡ್ಡಿಯೆಂಬ ಊರಿನಿಂದ, ಮೊಣಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು, ತಮಗೆ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗವೆಂದು ಬರೆದದ್ದು ಮರ್ಯಾದೆಗೆ; ಹಸಿ ಬಾಣಂತಿಯಾದ್ದರಿಂದ ನನಗೆ ಬಗ್ಗುವುದು ಇನ್ನೂ ಕಷ್ಟ. ತಾವೂ ತಮ್ಮ ಮನೆಯವರೂ ಕ್ಷೇಮವೆಂದು, ಕಾರ್ಖಾನೆಯ ಮುಂದಿನ ಹುಲ್ಲುಹಾಸು ಎಂದಿನಂತೆ ಹಸಿರಾಗಿದೆಯೆಂದು ನಂಬಿದ್ದೇನೆ.

ನನ್ನ ಪರಿಚಯ ತಮಗಿರಲಾರದು. ನಾನು ಭಾನುಪ್ರಿಯ, ತಮ್ಮ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಸೊಟ್ಟಗಿರುವ ಬಾಟಲಿ ಮುಚ್ಚಳಗಳನ್ನು ಆರಿಸಿ ಪಕ್ಕಕ್ಕೆಸೆಯುವ ಕೆಲಸದಲ್ಲಿದ್ದವಳು. ತಾವು ಒಮ್ಮೆ ವಿದೇಶಿ ಅತಿಥಿಗಳೊಂದಿಗೆ ನಮ್ಮ ಸಾಲಿನ ಪಕ್ಕದಲ್ಲೇ ಹಾದುಹೋಗಿದ್ದೀರಿ, ತಮ್ಮ ಮೈಮೇಲಿನ ಸುಗಂಧ ಮಧ್ಯಾಹ್ನದ ಊಟದ ಹೊತ್ತಿನವರೆಗೂ ನಮ್ಮೊಂದಿಗಿತ್ತು. ನನ್ನ ಗಂಡ ಲೋಕೇಶ್ ಲೋಡಿಂಗ್ ವಿಭಾಗದಲ್ಲಿದ್ದರು. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕೆಂಬ ನಮ್ಮ ಕಡೆಯ ಪದ್ಧತಿಯಂತೆ ನಾನು ರಜೆ ಪಡೆದು ನನ್ನ ತಾಯಿ ಮುನಿಯಮ್ಮನ ಮನೆಗೆ, ಅಂದರೆ ಇದೇ ಹೊಂಗೆದೊಡ್ಡಿಗೆ, ಬಂದೆ. ಈ ಊರಿನ ಆರೋಗ್ಯ ಉಪಕೇಂದ್ರಕ್ಕೆ ತಾವು ಸೂರ್ಯನನ್ನು ದಾನ ಮಾಡಿದ್ದೀರಿ. ಆ ದಾನವನ್ನು ಅದರ ನಿಜವಾದ ಯಜಮಾನರ ಕೈಯಿಂದ ಕಿತ್ತುಕೊಂಡ ಅಪವಾದ ಈಗ ನಮ್ಮ ನರ್ಸಮ್ಮನ ಮೇಲೆ ಬಂದಿರುವುದರಿಂದ, ನಡೆದದ್ದನ್ನು ನಡೆದ ಹಾಗೇ ತಮಗೆ ತಿಳಿಸುವುದು ನನ್ನ ಕರ್ತವ್ಯವೆಂದು ಭಾವಿಸಿ ಬರೆಯುತ್ತಿದ್ದೇನೆ. ತಮ್ಮ ಕಚೇರಿಗೆ ಕಳಿಸಿದ ಕಾಗದಗಳು ತಮ್ಮ ಮೇಜಿನವರೆಗೆ ನಡೆದುಬರಲು ಬಹಳ ಆಯಾಸ ಪಡುತ್ತವೆಂದು ಕೇಳಿದ್ದೇನೆ. ಆದ್ದರಿಂದ ಇದನ್ನು ಬಹಿರಂಗವಾಗಿಯೇ ಬರೆದು, ಕನಕಪುರದ ಬಸ್ ನಿಲ್ದಾಣದಲ್ಲೂ ಒಂದು ಪ್ರತಿ ಅಂಟಿಸಲು ಕಳಿಸಿದ್ದೇನೆ.

ಮೊದಲಿಗೆ ಕೃತಜ್ಞತೆ. ನಮ್ಮ ರಾಮನಗರ ಹೊಸದಾಗಿ ಜಿಲ್ಲೆಯಾದ ಆ ವರ್ಷ ಎಲ್ಲರೂ ಎಲ್ಲೆಡೆ ಏನನ್ನಾದರೂ ಉದ್ಘಾಟಿಸುತ್ತಿದ್ದರು. ತಾವು ಹೊಂಗೆದೊಡ್ಡಿಯನ್ನು ಆರಿಸಿಕೊಂಡದ್ದು ನಮ್ಮ ಪುಣ್ಯ. ಶಾಮಿಯಾನ ಬಂತು, ಕುರ್ಚಿಗಳು ಬಂದವು, ಚಪ್ಪಾಳೆ ತಟ್ಟಲು ಕಾರ್ಖಾನೆಯಿಂದ ಎರಡು ಬಸ್ಸು ತುಂಬ ನಾವೂ ಬಂದೆವು. ಉಪಕೇಂದ್ರದ ತಾರಸಿಯ ಮೇಲೆ ನೀಲಿ ಫಲಕಗಳು ಮಿನುಗಿದವು, ಒಳಗೆ ಮೂಲೆಯಲ್ಲಿ ಬ್ಯಾಟರಿ ಪೆಟ್ಟಿಗೆ ಕೂತಿತು. ಇನ್ನು ಮುಂದೆ ಈ ಆಸ್ಪತ್ರೆ ಕರೆಂಟಿಗಾಗಿ ಕಾಯಬೇಕಾಗಿಲ್ಲ, ಲಸಿಕೆ ಕೆಡುವುದಿಲ್ಲ, ತಾಯಂದಿರು ಕತ್ತಲಲ್ಲಿ ಹೆರುವುದಿಲ್ಲ ಎಂದು ತಾವು ಮೈಕಿನಲ್ಲಿ ಹೇಳಿದಾಗ ನನ್ನ ತಾಯಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಆಮೇಲೆ ತಾವು ಗುಂಡಿ ಒತ್ತಿದಿರಿ, ಗೇಟಿನ ಪಕ್ಕದಲ್ಲಿ ಎರಡು ಕಬ್ಬಿಣದ ಕಂಬಗಳ ಮೇಲೆ ನಿಂತಿದ್ದ ನಾಮಫಲಕ ಉರಿಯಿತು.

ಅಂಥ ನಾಮಫಲಕವನ್ನು ನಮ್ಮ ಹೋಬಳಿ ಅದುವರೆಗೆ ಕಂಡಿರಲಿಲ್ಲ. ಒಳಗೆ ಸಾಲಾಗಿ ಟ್ಯೂಬ್‌ಲೈಟುಗಳು, ಹೊರಗೆ ಹಾಲಿನಂಥ ಹಾಳೆ, ಅದರ ಮೇಲೆ ಕಂಪನಿಯ ಹೆಸರು, ‘ಸೌರ ಆರೋಗ್ಯ ಕೊಡುಗೆ’ ಎಂಬ ಕೆಂಪಕ್ಷರ, ಬಲಗಡೆ ಎದೆಮಟ್ಟದವರೆಗೆ ತಾವು, ಹಲ್ಲು ಕಾಣುವಂತೆ ನಗುತ್ತಾ. ಸಂಜೆ ಸೂರ್ಯ ಮುಳುಗಿದ ಕೂಡಲೇ ಅದು ತಾನಾಗಿಯೇ ಹೊತ್ತಿಕೊಳ್ಳುವಂತೆ, ಬೆಳಗಿನ ಜಾವದವರೆಗೆ ಆರದಂತೆ ತಮ್ಮ ಇಂಜಿನಿಯರುಗಳು ವ್ಯವಸ್ಥೆ ಮಾಡಿದ್ದರು. ಉಪಕೇಂದ್ರದ ಒಳಗೆ ಯಾವ ದೀಪವೂ ಹೊತ್ತದೆ ಇದ್ದುದನ್ನು ಕಂಡು ನಮ್ಮ ನರ್ಸಮ್ಮ ಖತೀಜಾ ತಮ್ಮ ಜನಸಂಪರ್ಕಾಧಿಕಾರಿ ಅಶ್ವಥ್ ಅವರನ್ನು ಅಲ್ಲೇ ವಿಚಾರಿಸಿದರು. ಒಳಗಿನ ವೈರಿಂಗು, ಲಸಿಕೆ ಫ್ರಿಜ್ಜಿನ ಸಂಪರ್ಕ, ಹೆರಿಗೆ ಕೋಣೆಯ ದೀಪ ಇವೆಲ್ಲ ಎರಡನೇ ಹಂತದಲ್ಲಿ ಬರುತ್ತವೆ, ಮೊದಲನೇ ಹಂತ ಈಗ ಸಂಪೂರ್ಣವಾಗಿದೆ ಎಂದು ಅವರು ಬಹಳ ನಯವಾಗಿ ತಿಳಿಸಿದರು. ಎಂಥ ದೂರದೃಷ್ಟಿ! ಯಾರು ಬೆಳಕು ಕೊಟ್ಟರೆಂದು ಮೊದಲು ಗೊತ್ತಾಗಬೇಕು, ಬೆಳಕು ಆಮೇಲೆ ನಿಧಾನವಾಗಿ ಬರಬಹುದು.

ಖತೀಜಾ ನರ್ಸಮ್ಮನ ಬಗ್ಗೆ ಒಂದು ಮಾತು. ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುವ ಮನೆತನದ ಹೆಣ್ಣುಮಗಳು. ಬಹಳ ವರ್ಷಗಳಿಂದ ನಮ್ಮ ಉಪಕೇಂದ್ರದ ಹಿಂದಿನ ಕೋಣೆಯಲ್ಲೇ ವಾಸ. ಮುಂಗೋಪಿ. ಬಸುರಿಯರು ಕಬ್ಬಿಣದ ಮಾತ್ರೆ ನುಂಗದಿದ್ದರೆ ಬೀದಿಯಲ್ಲಿ ನಿಲ್ಲಿಸಿ ಬೈಯುತ್ತಾರೆ. ನನ್ನನ್ನೂ ಬೈದಿದ್ದಾರೆ. ಎರಡನೇ ಹಂತ ಯಾವಾಗ ಬರುತ್ತದೆಂದು ಅವರು ತಮ್ಮ ಕಂಪನಿಯ ಕಚೇರಿಗೆ ಫೋನು ಮಾಡಿದಾಗಲೆಲ್ಲ ಒಂದು ಸಂಗೀತ ಕೇಳಿಸುತ್ತಿತ್ತಂತೆ. ಸಂಗೀತ ಚೆನ್ನಾಗಿತ್ತೆಂದು ಅವರೇ ಹೇಳಿದ್ದಾರೆ.

ಇನ್ನು ಕಾರ್ತಿಕದ ಆ ಸಂಜೆಯ ವಿಷಯ. ಹೊಲಗಳಲ್ಲಿ ರಾಗಿ ತೆನೆ ಬಲಿತಿತ್ತು, ಕರೆಂಟು ಮಧ್ಯಾಹ್ನವೇ ಹೋಗಿತ್ತು, ನನಗೆ ನೋವು ಶುರುವಾಯಿತು. ಚೊಚ್ಚಲವಾದ್ದರಿಂದ ಕನಕಪುರಕ್ಕೇ ಹೋಗಿಬಿಡೋಣವೆಂದು ಸೋದರಮಾವ ಸಿದ್ದಯ್ಯ ತಮ್ಮ ಗೂಡ್ಸ್ ಆಟೋದಲ್ಲಿ ಹುಲ್ಲು ಹಾಸಿ, ಮೇಲೆ ಕಂಬಳಿ ಹಾಕಿ ನನ್ನನ್ನು ಮಲಗಿಸಿದರು. ಊರು ದಾಟಿ ಹಳ್ಳದ ತಿರುವಿಗೆ ಬರುವಷ್ಟರಲ್ಲಿ ಕಾಡು ಕಾಯುವವರು ಕೈ ಅಡ್ಡ ಹಿಡಿದು ನಿಲ್ಲಿಸಿದರು.

“ಆನೆ ಇಳ್ದವೆ ಕಣಣ್ಣೋ, ಮರಿ ಬೇರೆ ಐತೆ. ರಸ್ತೆ ಮ್ಯಾಲೇ ನಿಂತವೆ. ತಿರುಗ್ಸು, ತಿರುಗ್ಸು.”

“ನೋಯ್ತಿರೋ ಹೆಂಗ್ಸು ಅವ್ಳೆ ಕಣಯ್ಯ ಗಾಡೀಲಿ!”

“ಅದ್ಕೇ ಯೋಳ್ತಿರೋದು. ಆನೆಗೆ ಅದೆಲ್ಲ ಗೊತ್ತಾದದಾ? ಓಗಿ, ನರ್ಸಮ್ಮನ ತಾವ್ಕೇ ಓಗಿ.”

ಹೀಗೆ ನಾನು ತಮ್ಮ ಸೌರ ಆರೋಗ್ಯ ಕೊಡುಗೆಯ ಫಲಾನುಭವಿಯಾದೆ. ಉಪಕೇಂದ್ರ ತಲುಪಿದಾಗ ಹೊತ್ತು ಮುಳುಗಿತ್ತು. ಹೊರಗೆ ನಾಮಫಲಕ ಝಗ್ಗೆಂದು ಉರಿಯುತ್ತಿತ್ತು, ಒಳಗೆ ಒಂದು ಮೇಣದ ಬತ್ತಿ ಮತ್ತು ಒಂದು ಟಾರ್ಚು ಇದ್ದವು. ನರ್ಸಮ್ಮ ನನ್ನನ್ನು ಪರೀಕ್ಷಿಸಿದರು, ನೀರು ಒಡೆದಿತ್ತು. ನೆನೆದ ಬಟ್ಟೆಯನ್ನು ಮೇಣದ ಬತ್ತಿಯ ಹತ್ತಿರ ಹಿಡಿದು ನೋಡಿದರು, ಮೂಸಿದರು, ಮತ್ತೆ ಹಿಡಿದು ನೋಡಿದರು. ನೀರಿನ ಬಣ್ಣ ಹಸಿರೋ ಅಲ್ಲವೋ ಎಂದು ಅವರಿಗೆ ತಿಳಿಯಬೇಕಿತ್ತು, ಹಸಿರಾದರೆ ಹೊಟ್ಟೆಯೊಳಗಿನ ಕೂಸಿಗೆ ಕಷ್ಟವಾಗುತ್ತಿದೆಯೆಂದು ಅರ್ಥವಂತೆ. ಆ ಬೆಳಕಿನಲ್ಲಿ ಎಲ್ಲ ಬಣ್ಣವೂ ಒಂದೇ. ಟಾರ್ಚು ಕೆಂಪಾಗುತ್ತಾ ಬಂತು, ತಟ್ಟಿದರೆ ಒಂದು ಕ್ಷಣ ಉರಿದು ಮತ್ತೆ ಮಂಕಾಗುತ್ತಿತ್ತು. ಸದಾ ಗದರುವ ಆ ಹೆಂಗಸು ಗದರುವುದನ್ನು ನಿಲ್ಲಿಸಿದ್ದನ್ನು ಕಂಡೇ ನನಗೆ ನಿಜವಾದ ಭಯ ಹುಟ್ಟಿದ್ದು.

“ಮುನಿಯಮ್ಮ, ಇವಳನ್ನ ಹೊರಗೆ ಸಾಗಿಸಬೇಕು. ಆ ಬೋರ್ಡ್ ಕೆಳಗೆ,” ಎಂದರು.

“ಬಯಲಲ್ಲಾ? ಮನೆ ಹೆಣ್ಮಗ ಬಯಲಲ್ಲಿ ಹೆರೋದಾ ಕತೀಜಮ್ಮ? ಊರೋರು ಏನಂದಾರು?”

“ನನಗೆ ಏನೂ ಕಾಣ್ತಿಲ್ಲಮ್ಮ. ಕಾಣದೆ ನಾನು ಕೈ ಹಾಕಲ್ಲ. ನೋವು ಬಿಟ್ಟಿರೋವಾಗಲೇ ಎತ್ತಿ, ಬೇಗ.”

ಸಿದ್ದಯ್ಯ ಮಾವನೂ ಹಾಲಿನ ಡೇರಿಯ ಕೆಂಚಯ್ಯನವರೂ ಮಂಚವನ್ನು ಎತ್ತಿ, ಗೇಟಿನ ಪಕ್ಕದ ಜಲ್ಲಿಕಲ್ಲಿನ ಮೇಲೆ, ತಮ್ಮ ನಾಮಫಲಕದ ನೇರ ಕೆಳಗೆ ಇಟ್ಟರು. ಊರ ಹೆಂಗಸರು ಮನೆಯಿಂದ ಸೀರೆಗಳನ್ನು ತಂದು ಬಿಡಿಸಿ ಹಿಡಿದು ಸುತ್ತಲೂ ಗೋಡೆ ಕಟ್ಟಿದರು. ಗಂಡಸರು ರಸ್ತೆಯ ಕಡೆ ಮುಖ ಮಾಡಿ ಸಾಲಾಗಿ ನಿಂತರು. ಬೆಳಕಿಗೆ ಬಂದ ಹುಳುಗಳು ತಪತಪನೆ ನಮ್ಮ ಮೇಲೆ ಬೀಳುತ್ತಿದ್ದವು. ಆಗ ನನ್ನ ತಾಯಿ ತಲೆ ಎತ್ತಿ ನೋಡಿದರು.

“ಅಯ್ಯಯ್ಯೋ, ಇವನ್ಯಾರವ್ವ ಹಲ್ಲು ಕಿಸ್ಕೊಂಡು ನೋಡ್ತಾವ್ನೆ? ಮೊದ್ಲು ಅವ್ನ ಮೊಕಕ್ಕೆ ಒಂದು ಬಟ್ಟೆ ಇಕ್ರೋ!”

ಮಾನ್ಯರೇ, ಇದನ್ನು ತಾವು ಅವಮಾನವೆಂದು ಎಣಿಸಬಾರದು. ಹೆರಿಗೆಯ ಹೊತ್ತಿನಲ್ಲಿ ಪರಗಂಡಸರು ಇರಬಾರದೆಂಬುದು ನಮ್ಮ ಕಡೆಯ ಕಟ್ಟುನಿಟ್ಟು. ಅದು ತಮಗೊಬ್ಬರಿಗೇ ಅನ್ವಯಿಸಿದ್ದಲ್ಲ. ಕೆಂಚಯ್ಯನವರು ಕಣ್ಣು ಮುಚ್ಚಿಕೊಂಡೇ ತಡಕಾಡುತ್ತಾ ಕಲ್ಲುಬೆಂಚನ್ನು ಹತ್ತಿ, ಹೆಗಲ ಮೇಲಿದ್ದ ಟವೆಲ್ಲನ್ನು ಫಲಕದಲ್ಲಿದ್ದ ತಮ್ಮ ಮುಖದ ಮೇಲೆ ಇಳಿಬಿಟ್ಟರು. ತಮ್ಮ ಮುಖದಷ್ಟು ಬೆಳಕು ಕಡಿಮೆಯಾಯಿತು, ಕಂಪನಿಯ ಹೆಸರಿನ ಬೆಳಕೇ ಸಾಕಾಯಿತು.

ಆ ಬೆಳಕಿನಲ್ಲಿ ನರ್ಸಮ್ಮನಿಗೆ ನೀರಿನ ಹಸಿರು ಕಂಡಿತು. ಅದರ ಬೆನ್ನಿಗೇ ಕೂಸಿನ ತಲೆ ಕಂಡಿತು, ಕತ್ತಿನ ಸುತ್ತ ಬಿಗಿದಿದ್ದ ಹೊಕ್ಕುಳಬಳ್ಳಿಯೂ ಕಂಡಿತು. ನಾನು ಏನೂ ನೋಡಲಿಲ್ಲ; “ತಿಣುಕಬೇಡ, ಭಾನು, ತಿಣುಕಬೇಡ, ಉಸಿರು ಬಿಡು ಅಷ್ಟೇ” ಎಂಬ ಅವರ ದನಿಯನ್ನು ಕೇಳಿದೆ. ಬಳ್ಳಿಯನ್ನು ಬೆರಳಿನಿಂದ ಸಡಿಲಿಸಿ ತಲೆಯ ಮೇಲಿಂದ ದಾಟಿಸಿದರಂತೆ. ಕೂಸು ಹೊರಬಂದಾಗ ನೀಲಿಗಟ್ಟಿತ್ತು, ಅಳಲಿಲ್ಲ. ನರ್ಸಮ್ಮ ಅದರ ಬಾಯಿಯ ಲೋಳೆ ಹೀರಿ ತೆಗೆದರು, ಬೆನ್ನು ಉಜ್ಜಿದರು, ಪಾದಕ್ಕೆ ತಟ್ಟಿದರು, ಮತ್ತೆ ಉಜ್ಜಿದರು. ನನ್ನ ತಾಯಿ ಕೈಮುಗಿದು ಮೇಲೆ ನೋಡಿದರೆ ಅಲ್ಲಿ ದೇವರಿರಲಿಲ್ಲ, ಟವೆಲ್ ಹೊದ್ದ ತಾವಿದ್ದಿರಿ. ಕೊನೆಗೆ ಕೂಸು ಬೆಕ್ಕಿನ ಮರಿಯ ಹಾಗೆ ಒಮ್ಮೆ ಸೀನಿ, ಆಮೇಲೆ ಊರಿಗೆಲ್ಲ ಕೇಳುವಂತೆ ಅತ್ತಿತು. ಬೆನ್ನು ಮಾಡಿ ನಿಂತಿದ್ದ ಗಂಡಸರಲ್ಲಿ ಯಾರೋ ಶಿಳ್ಳೆ ಹಾಕಿದರು. ಹೆಣ್ಣು ಕೂಸು.

ಆದ್ದರಿಂದ ತಮ್ಮ ನಾಮಫಲಕಕ್ಕೆ ನಾನು ನಿಜವಾಗಿಯೂ ಋಣಿ. ಹೊಂಗೆದೊಡ್ಡಿಯ ಆರೋಗ್ಯಕ್ಕೆ ತಮ್ಮ ಕಂಪನಿ ಮಾಡಿದ ಏಕೈಕ ಸೇವೆ ಅದು. ಅದನ್ನು ತಾವು ಬೇಕೆಂದು ಮಾಡಿರಲಿಲ್ಲ ಎಂಬುದು ಅದರ ಹೆಚ್ಚುಗಾರಿಕೆ.

ಮರುದಿನ ಬೆಳಿಗ್ಗೆ ನರ್ಸಮ್ಮ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುವ ಲಕ್ಷ್ಮಯ್ಯನವರನ್ನು ಕರೆಸಿದರು. ಇನ್ನೊಬ್ಬಳನ್ನು ನಾನು ಜಲ್ಲಿಕಲ್ಲಿನ ಮೇಲೆ ಮಲಗಿಸಲಾರೆ, ಆ ತಂತಿಯನ್ನು ಒಳಕ್ಕೆ ತಿರುಗಿಸಿ ಎಂದರು. ಲಕ್ಷ್ಮಯ್ಯನವರು ಸುತ್ತಲೂ ಒಮ್ಮೆ ನೋಡಿ, “ಅಲ್ಲ ಕಣವ್ವ, ಬೋರ್ಡಿಗೆ ಓಗೋ ವೈರು ಹೆರಿಗೆ ಕ್ವಾಣೆ ಕಿಟಕಿ ಮುಂದ್ಲೇ ಓಗೈತೆ. ಒಸಿ ಒಳಿಕ್ಕೆ ಎಳ್ಕೊಂಡ್ರೆ ಮುಗೀತು. ಇದ್ಕೆ ಎರಡ್ನೇ ಹಂತ ಅಂತ ಯಾಕ್ ಕಾಯ್ಬೇಕು?” ಎಂದು ಕೇಳಿದರಂತೆ. ಯೋಜನೆಗಳೆಂದರೆ ಏನೆಂದು ತಿಳಿಯದ ಮನುಷ್ಯ, ಕ್ಷಮಿಸಿಬಿಡಿ. ಮಧ್ಯಾಹ್ನದ ಊಟದ ಹೊತ್ತಿಗೆ ಹೆರಿಗೆ ಕೋಣೆಯಲ್ಲಿ ಟ್ಯೂಬ್‌ಲೈಟು ಉರಿಯಿತು, ನಾಮಫಲಕ ಆರಿತು.

ಎರಡನೇ ಹಂತಕ್ಕಾಗಿ ತಿಂಗಳುಗಟ್ಟಲೆ ಕರೆದರೂ ಬಾರದ ತಮ್ಮ ಕಂಪನಿ, ನಾಮಫಲಕ ಆರಿದ ವಾರದಲ್ಲೇ ಬಂತು. ಅಶ್ವಥ್ ಸಾಹೇಬರು ಬಿಳಿ ಕಾರಿನಲ್ಲಿ ಬಂದಿಳಿದು, ಆರಿದ ಫಲಕವನ್ನು ಕಂಡು, ಸತ್ತವರ ಮನೆಗೆ ಬಂದವರ ಹಾಗೆ ಅದರ ಮುಂದೆ ನಿಂತರು. ಕಂಪನಿಯ ಸ್ವತ್ತಿಗೆ ಹಾನಿ ಮಾಡಿ ಬೆಳಕನ್ನು ಕದ್ದಿದ್ದಾರೆಂದು ನರ್ಸಮ್ಮನ ಮೇಲಧಿಕಾರಿಗಳಿಗೆ ದೂರು ಬರೆದರು. ನರ್ಸಮ್ಮನಿಗೆ ನೋಟಿಸು ಬಂತು. ಅದಾದ ಮೇಲೆ ಸಾಹೇಬರು ನಮ್ಮ ಮನೆಗೆ ಬಂದರು. ಕೂಸಿಗೊಂದು ಪ್ಲಾಸ್ಟಿಕ್ ಗಿಲಕಿ ತಂದಿದ್ದರು.

“ನೋಡಮ್ಮ ಭಾನುಪ್ರಿಯ, ನೀನು ನಮ್ಮ ಕಂಪನಿ ಕುಟುಂಬದವಳು. ಒಂದು ಸಣ್ಣ ಸಹಾಯ,” ಎಂದು ಟೈಪು ಮಾಡಿದ ಕಾಗದವೊಂದನ್ನು ಚಾಚಿದರು. ನನ್ನ ಹೆರಿಗೆ ಉಪಕೇಂದ್ರದ ಒಳಗೆ, ಕಂಪನಿಯ ಸೌರಬೆಳಕಿನಲ್ಲಿ, ಯಾವ ತೊಂದರೆಯೂ ಇಲ್ಲದೆ ನಡೆಯಿತೆಂದೂ, ನರ್ಸು ಆಮೇಲೆ ದುರುದ್ದೇಶದಿಂದ ಫಲಕವನ್ನು ಕೆಡಿಸಿದರೆಂದೂ ಅದರಲ್ಲಿತ್ತು. ನಾನು ಇದು ಸುಳ್ಳಲ್ಲವೇ ಸಾರ್ ಎಂದೆ.

“ಲೋಕೇಶ್ ಹೆಸರು ಪರ್ಮನೆಂಟ್ ಮಾಡೋವರಲ್ಲಿ ಇದೆ. ಹಾಗೇ ಇರಲಿ ಅಂತ ನನ್ನಾಸೆ,” ಎಂದರು. ಆಮೇಲೆ ದನಿ ತಗ್ಗಿಸಿ ನನ್ನ ತಾಯಿಗೆ ಹೇಳಿದರು: “ಆ ನರ್ಸು ನಿಮ್ಮ ಜನಾನೂ ಅಲ್ಲ, ಊರಿನೋಳೂ ಅಲ್ಲ. ಅವಳಿಗೋಸ್ಕರ ಮಗಳ ಸಂಸಾರ ಯಾಕೆ ಹಾಳು ಮಾಡ್ತೀರಾ?”

ನನ್ನ ತಾಯಿ ಒಲೆಯ ಮುಂದಿನಿಂದ ಎದ್ದು ಬಂದರು. “ನಮ್ಮೋಳಲ್ವಾ? ನನ್ ಮೊಮ್ಮಗಳ ಕತ್ತಿನ ಉರ್ಲು ಬುಡ್ಸಿದ ಕೈ ಕಣಪ್ಪ ಅದು. ಆವತ್ತು ನಿಮ್ಮೋರ್ಯಾರು ಬಂದಿದ್ರು? ಗಿಲಕಿ ತಕ್ಕೊಂಡು ಎದ್ದೋಗು.”

ಗಿಲಕಿಯನ್ನು ಅವರು ಮರೆತುಹೋದರು. ಸದ್ದು ಬರುವುದಿಲ್ಲ ಅದರಲ್ಲಿ.

ಶನಿವಾರ ಲೋಕೇಶ್ ಬಂದರು. ವಿಷಯ ಅವರಿಗೆ ಕಾರ್ಖಾನೆಯಲ್ಲೇ ತಲುಪಿತ್ತು. ಉಂಡ ಮೇಲೆ ತೊಟ್ಟಿಲ ಪಕ್ಕದಲ್ಲಿ ಕೂತು, ನನ್ನ ಮುಖ ನೋಡದೆ, “ಒಂದು ಸೈನು ತಾನೆ ಭಾನು. ಹಾಕ್ಬುಡು. ನರ್ಸಮ್ಮಂದು ಸರ್ಕಾರಿ ಕೆಲ್ಸ, ಅಂಗೆಲ್ಲ ಓಗಲ್ಲ. ನಂದು ಓಯ್ತದೆ,” ಎಂದರು. ಅವರ ಮೇಲೆ ನನಗೆ ಕೋಪ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅವರ ಅಂಗೈಯಲ್ಲಿ ತಮ್ಮ ಪೆಟ್ಟಿಗೆಗಳ ಪಟ್ಟಿ ಎಳೆದೂ ಎಳೆದೂ ಬಿದ್ದ ಗೆರೆಗಳಿದ್ದವು. ಕೆಲಸವೆಂದರೆ ಏನೆಂದು ನನಗೂ ಗೊತ್ತು. ನಾನು ಕೂಸನ್ನು ಅವರ ತೊಡೆಯ ಮೇಲಿಟ್ಟೆ. “ನೀನು ಆವತ್ತು ಇರ್ಲಿಲ್ಲ. ಇದು ಅಳ್ದೆ ಮಲಗಿದ್ದು ನೀನು ನೋಡ್ಲಿಲ್ಲ. ಹೋಗು, ಕತೀಜಮ್ಮನ ಮೊಕ ನೋಡ್ಕೊಂಡು ಬಾ. ಆಮೇಲೂ ಹಾಕು ಅಂದ್ರೆ ಹಾಕ್ತೀನಿ,” ಎಂದೆ.

ಅವರು ಉಪಕೇಂದ್ರಕ್ಕೆ ಹೋಗಿ ಬಂದರು. ಅಲ್ಲಿ ಏನು ಮಾತಾಯಿತೆಂದು ಈವರೆಗೂ ಹೇಳಿಲ್ಲ. ನರ್ಸಮ್ಮ ಬಹುಶಃ ಬೈದಿರಬೇಕು. ಸೋಮವಾರ ಹಾರೋಹಳ್ಳಿಗೆ ಹೋದವರೇ ತಮ್ಮ ಜನಸಂಪರ್ಕ ಕಚೇರಿಯ ಬಾಗಿಲಲ್ಲಿ ನಿಂತು, “ನನ್ ಹೆಂಡ್ತಿ ಹೊರಗೇ ಹೆತ್ತಿದ್ದು ಸಾರ್, ಬೋರ್ಡಿನ ಕೆಳಗೆ. ಊರೆಲ್ಲ ಸಾಕ್ಷಿ ಐತೆ. ಗಂಡಸ್ರು ಮಾತ್ರ ಬೆನ್ನು ಮಾಡ್ಕೊಂಡಿದ್ರು,” ಎಂದು ಹೇಳಿ ಬಂದರು. ಸಹಿಯಿಲ್ಲದ ಕಾಗದವನ್ನು ಅಶ್ವಥ್ ಸಾಹೇಬರ ಮೇಜಿನ ಮೇಲಿಟ್ಟು ಬಂದರು.

ತಾವು ಆಗಲಾದರೂ ಸುಮ್ಮನಿರಬಹುದೆಂದು ನಾವು ಎಣಿಸಿದ್ದೆವು. ತಮ್ಮ ಹೆಸರಿನ ಬಗ್ಗೆ ತಮಗಿರುವ ಕಾಳಜಿಯನ್ನು ಕೀಳಂದಾಜು ಮಾಡಿದ್ದು ನಮ್ಮ ತಪ್ಪು. ಅದಾದ ಕೆಲವೇ ದಿನಗಳಲ್ಲಿ ಸಾಹೇಬರು ಒಬ್ಬ ತಂತ್ರಜ್ಞನನ್ನು ಕರೆದುಕೊಂಡು, ಫಲಕಕ್ಕೆ ಮತ್ತೆ ಸಂಪರ್ಕ ಕೊಡಿಸಲು ಬಂದರು. ಬಂದದ್ದು ಸಂಜೆಯ ಹೊತ್ತು. ಒಳಗೆ ಕೆಂಚಯ್ಯನವರ ಸೊಸೆ ನೋಯುತ್ತಿದ್ದಳು, ನರ್ಸಮ್ಮ ಅವಳ ಬಳಿ ಇದ್ದರು, ಕರೆಂಟು ಯಥಾಪ್ರಕಾರ ಇರಲಿಲ್ಲ, ಟ್ಯೂಬ್‌ಲೈಟು ಉರಿಯುತ್ತಿತ್ತು. ಬಾಗಿಲ ಹೊಸ್ತಿಲ ಮೇಲೆ ನನ್ನ ತಾಯಿ ಕಾಲು ಚಾಚಿ ಕೂತಿದ್ದರು. ನಾನು ಕೂಸನ್ನು ಹೊದಿಸಿಕೊಂಡು ಜಗುಲಿಯಲ್ಲಿದ್ದೆ, ಇದೆಲ್ಲ ನಾನು ಕಣ್ಣಾರೆ ಕಂಡದ್ದು.

ಒಳಗಿನ ಕೂಗು ಕೇಳಿ ತಂತ್ರಜ್ಞ ನಿಂತುಬಿಟ್ಟ. “ಸಾರ್, ಒಳಗೆ ಹೆರಿಗೆ ಆಗ್ತೈತೆ ಸಾರ್.”

“ಅದು ನಮ್ಮ ಕೆಲಸದ ವ್ಯಾಪ್ತಿಗೆ ಬರಲ್ಲ. ನೀನು ಕನೆಕ್ಷನ್ ಬದಲಾಯಿಸು.”

ಮಾನ್ಯರೇ, ಈ ಮಾತನ್ನು ತಾವು ದಯವಿಟ್ಟು ಇನ್ನೊಮ್ಮೆ ಓದಬೇಕು. ಆರೋಗ್ಯ ಕೇಂದ್ರದಲ್ಲಿ ನಡೆಯುವ ಹೆರಿಗೆಯು ಆರೋಗ್ಯ ಕೊಡುಗೆಯ ವ್ಯಾಪ್ತಿಗೆ ಬರುವುದಿಲ್ಲ. ಇಷ್ಟು ಸ್ಪಷ್ಟವಾಗಿ ತಮ್ಮ ಯೋಜನೆಯನ್ನು ತಮ್ಮ ಬಣ್ಣದ ಪುಸ್ತಿಕೆಯೂ ವಿವರಿಸಿಲ್ಲ.

ತಂತ್ರಜ್ಞ ಇಕ್ಕಳವನ್ನು ಚೀಲದಿಂದ ತೆಗೆದ, ಒಮ್ಮೆ ಕಿಟಕಿಯ ಬೆಳಕನ್ನು ನೋಡಿದ, ಇಕ್ಕಳವನ್ನು ಸಾಹೇಬರ ಕಡೆಗೇ ಚಾಚಿದ. “ನಂಗೆ ಆಗಲ್ಲ ಸಾರ್. ಬೇಕಾದ್ರೆ ನೀವೇ ಕತ್ತರಿಸಿ.”

ಸಾಹೇಬರು ಇಕ್ಕಳ ತೆಗೆದುಕೊಂಡರು. ಕಿಟಕಿಯ ಹತ್ತಿರ ಹೋದರು. ಅಲ್ಲಿ ಎರಡು ತಂತಿಗಳಿದ್ದವು, ಯಾವುದೆಂದು ಅವರಿಗೆ ತಿಳಿಯಲಿಲ್ಲ. ನನ್ನ ತಾಯಿ ಕೂತಲ್ಲಿಂದಲೇ ದಾರಿ ತೋರಿಸಿದರು.

“ಆ ಕೆಂಪ್ನೇದು ಕಣಪ್ಪ. ಕತ್ತರ್ಸು. ಕತ್ತರ್ಸ್‌ಬುಟ್ಟು ಒಳಿಕ್ಕೆ ಬಾ, ಆ ಹುಡ್ಗಿ ಕಾಲು ಹಿಡ್ಕೊ. ತಲೆ ಎತ್ಲಾಗೈತೆ ಅಂತ ಕತ್ಲಲ್ಲಿ ನೀನೇ ತಡ್ಕಿ ಯೋಳು. ನಾವೆಲ್ಲ ನಿನ್ ಬೋರ್ಡು ನೋಡ್ಕೊಂಡು ಈಚೆ ಕೂತಿರ್ತೀವಿ.”

ಅಷ್ಟು ಹೊತ್ತಿಗೆ ಊರ ಹೆಂಗಸರು ಒಬ್ಬೊಬ್ಬರಾಗಿ ಬಂದು ಅಂಗಳದಲ್ಲಿ ಕೂತಿದ್ದರು. ಯಾರೂ ಬೈಯಲಿಲ್ಲ, ಯಾರೂ ಕಲ್ಲೆತ್ತಲಿಲ್ಲ. ಸುಮ್ಮನೆ ಸಾಹೇಬರ ಕೈಯನ್ನೇ ನೋಡುತ್ತಿದ್ದರು. ಒಳಗೆ ಆ ಹುಡುಗಿ ಇನ್ನೊಮ್ಮೆ ಚೀರಿದಳು. ಸಾಹೇಬರು ಇಕ್ಕಳವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಯಾರ ಮುಖವನ್ನೂ ನೋಡದೆ, ಕಾರಿನ ಬಾಗಿಲು ಹಾಕಿಕೊಂಡರು. ತಂತ್ರಜ್ಞ ಅವರ ಜೊತೆ ಹೋಗಲಿಲ್ಲ. ಗಂಡು ಕೂಸು ಹುಟ್ಟುವವರೆಗೂ ಇದ್ದು, ಕೆಂಚಯ್ಯನವರ ಮನೆಯಲ್ಲಿ ಮುದ್ದೆ ಉಂಡು, ಬೆಳಗಿನ ಬಸ್ಸಿಗೆ ಹೋದ. ಹೋಗುವ ಮುನ್ನ ಲಸಿಕೆ ಫ್ರಿಜ್ಜಿಗೂ ಸಂಪರ್ಕ ಕೊಟ್ಟು ಹೋದ. ಎರಡನೇ ಹಂತ ಹೀಗೆ ಸಂಪೂರ್ಣವಾಯಿತೆಂದು ತಮ್ಮ ಗಮನಕ್ಕೆ ತರುತ್ತೇನೆ.

ಪರಿಣಾಮಗಳನ್ನೂ ತಮಗೆ ವರದಿ ಮಾಡಬೇಕು. ಲೋಕೇಶ್ ಅವರನ್ನು ಮಾರನೆಯ ವಾರವೇ ಗೇಟಿನಲ್ಲಿ ತಡೆದು, ನಿಮ್ಮ ಕಂಟ್ರಾಕ್ಟು ಮುಗಿದಿದೆಯೆಂದು ಹೇಳಿ ಕಳಿಸಿದರು. ಅವರೀಗ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಗೂಡಿನ ಮೂಟೆ ಹೊರುತ್ತಾರೆ. ಮೊದಮೊದಲು ಮಾತೇ ಆಡುತ್ತಿರಲಿಲ್ಲ. ಮೊನ್ನೆ ಬಂದಾಗ ಗೂಡಿನ ವಾಸನೆಗೆ ಕೂಸು ಮೂಗು ಮುರಿದದ್ದನ್ನು ಕಂಡು ನಕ್ಕರು. ನಾನೂ ತಮ್ಮಲ್ಲಿಗೆ ವಾಪಸಾಗುವ ಹಾಗಿಲ್ಲವೆಂದು ತಿಳಿಯಿತು. ನರ್ಸಮ್ಮನ ವಿಚಾರಣೆಗೆ ಅಧಿಕಾರಿಯೊಬ್ಬರು ಬಂದರು, ಹೆರಿಗೆ ಕೋಣೆಯಲ್ಲಿ ದೀಪ ಹಾಕಿ ನೋಡಿದರು, ಆರಿಸಿ ನೋಡಿದರು, ಮತ್ತೆ ಹಾಕಿದರು; ಚಹಾ ಕುಡಿದು, ಹೀಗೇ ನಡೆಯಲಿ ಎಂದು ಬಾಯಲ್ಲಿ ಹೇಳಿ ಹೋದರು. ನೋಟಿಸನ್ನು ಮಾತ್ರ ಯಾರೂ ಹಿಂದಕ್ಕೆ ಪಡೆದಿಲ್ಲ. “ನೋಟಿಸ್ ಓದೋಕೂ ಬೆಳಕು ಬೇಕಲ್ಲಮ್ಮ, ಈಗ ಇದೆ,” ಎನ್ನುತ್ತಾರೆ ನರ್ಸಮ್ಮ. ಆದರೆ ಬಾಗಿಲ ಬಳಿ ಯಾವ ಕಾರು ನಿಂತರೂ ಅವರ ಕೈಯಲ್ಲಿರುವ ಕೆಲಸ ಒಂದು ಕ್ಷಣ ಅಲ್ಲೇ ನಿಲ್ಲುತ್ತದೆ. ಅದನ್ನು ನಾನು ನೋಡಿದ್ದೇನೆ. ಈ ಕಾಗದ ಬರೆಯುತ್ತಿರುವುದು ಮುಖ್ಯವಾಗಿ ಅದಕ್ಕೇ.

ಇಷ್ಟರ ಮೇಲೆ ತಮ್ಮ ಹೊಸ ವರ್ಷದ ಕ್ಯಾಲೆಂಡರು ಬಂದಿದೆ. ಬೆಳಕು ತುಂಬಿದ ನಮ್ಮ ಹೆರಿಗೆ ಕೋಣೆಯ ಚಿತ್ರ ಅದರಲ್ಲಿದೆ, ಕೆಳಗೆ ‘ನಮ್ಮ ಕೊಡುಗೆ, ತಾಯಂದಿರ ನಗು’ ಎಂದಿದೆ. ಯಾವ ಬೆಳಕನ್ನು ಕದ್ದರೆಂದು ನರ್ಸಮ್ಮನ ಮೇಲೆ ದೂರಿದೆಯೋ ಅದೇ ಬೆಳಕನ್ನು ಕೊಟ್ಟವರು ತಾವೆಂದು ತಾವೇ ಅಚ್ಚು ಹಾಕಿಸಿದ್ದೀರಿ. ಒಂದೇ ಟ್ಯೂಬ್‌ಲೈಟು ಕಚೇರಿಯ ಒಂದು ಮಹಡಿಯಲ್ಲಿ ಕಳವು, ಇನ್ನೊಂದು ಮಹಡಿಯಲ್ಲಿ ದಾನ. ಇಂಥ ಕಂಪನಿಯನ್ನು ನಡೆಸುವುದು ಸಾಮಾನ್ಯರಿಂದಾಗುವ ಕೆಲಸವಲ್ಲ.

ಆದ್ದರಿಂದ ನನ್ನ ಕೋರಿಕೆಗಳು ಬಹಳ ಸರಳ. ಅದು ಕಳವಾದರೆ ಕ್ಯಾಲೆಂಡರನ್ನು ಹಿಂದಕ್ಕೆ ಪಡೆಯಿರಿ. ಕೊಡುಗೆಯಾದರೆ ದೂರನ್ನು ಹಿಂದಕ್ಕೆ ಪಡೆಯಿರಿ. ಎರಡೂ ಸಾಧ್ಯವಿಲ್ಲವೆಂದಾದರೆ, ತಾವೇ ಒಂದು ಸಂಜೆ, ಕರೆಂಟು ಹೋದ ಮೇಲೆ, ಆನೆ ಇಳಿದ ಮೇಲೆ, ಹೊಂಗೆದೊಡ್ಡಿಗೆ ದಯಮಾಡಿಸಿ, ಆ ಕೆಂಪು ತಂತಿಯನ್ನು ತಮ್ಮ ಅಮೃತಹಸ್ತದಿಂದಲೇ ಕತ್ತರಿಸಿ ಕೊಡಬೇಕು. ಶಾಮಿಯಾನ ಹಾಕಿಸುತ್ತೇವೆ. ಕುರ್ಚಿ ಹಾಕಿಸುತ್ತೇವೆ. ಮೈಕು ಇರುತ್ತದೆ. ಚಪ್ಪಾಳೆ ತಟ್ಟಲು ಮಾತ್ರ ತಾವೇ ಜನರನ್ನು ಕರೆತರಬೇಕಾಗುತ್ತದೆ. ನಮ್ಮ ಹೆಂಗಸರ ಕೈ ಬಿಡುವಿರುವುದಿಲ್ಲ.

ಕೂಸು ಎದ್ದಿದೆ, ಹಾಲು ಕೇಳುತ್ತಿದೆ. ಇಲ್ಲಿಗೆ ಮುಗಿಸುತ್ತೇನೆ.

ಕೆಲಸ ಹೋದರೂ ವಿಶ್ವಾಸ ಬಿಡದ, ತಮ್ಮ ಹೆಸರಿನ ಕೆಳಗೆ ಹೆತ್ತ,
ತಮ್ಮ ವಿಶ್ವಾಸಿ,
ಭಾನುಪ್ರಿಯ
ಹೊಂಗೆದೊಡ್ಡಿ, ಉಯ್ಯಂಬಳ್ಳಿ ಹೋಬಳಿ, ಕನಕಪುರ ತಾಲ್ಲೂಕು

ಮರೆತ ಮಾತು: ಮಾಗಡಿ ಕಡೆ ಸಾವನದುರ್ಗದ ಹಿಂದಿನ ಊರೊಂದರ ಆರೋಗ್ಯ ಉಪಕೇಂದ್ರಕ್ಕೂ ತಾವು ಸೂರ್ಯನನ್ನು ದಾನ ಮಾಡಲಿದ್ದೀರೆಂದು ಪತ್ರಿಕೆಯಲ್ಲಿ ಓದಿ ಸಂತೋಷವಾಯಿತು. ಅಲ್ಲಿ ಕಬ್ಬಿಣದ ಕಂಬಗಳೂ ನಾಮಫಲಕವೂ ಆಗಲೇ ಬಂದಿಳಿದಿವೆ, ಉಳಿದದ್ದು ಇನ್ನೂ ಬಂದಿಲ್ಲ ಎಂದು ಅಲ್ಲಿನ ನರ್ಸಮ್ಮ ಫೋನಿನಲ್ಲಿ ತಿಳಿಸಿದ್ದಾರೆ. ತಾವು ಆತಂಕಪಡಬೇಕಾಗಿಲ್ಲ. ಉದ್ಘಾಟನೆಯ ಮಾರನೆಯ ದಿನಕ್ಕೆ ಲಕ್ಷ್ಮಯ್ಯನವರು ಮಾಗಡಿ ಬಸ್ಸಿನ ಸಮಯ ವಿಚಾರಿಸಿಟ್ಟಿದ್ದಾರೆ.